ಚಾಂದ್ ಬಿ ಮತ್ತು ಏಳಲೊಪ್ಪದ ಪೆಟ್ಟಿಗೆ

ಕೇಳಿದ್ದು ನಿಜವಾಗಿ ಕೈಗೆ ಬಂದಿದೆಯೋ ಇಲ್ಲವೋ ಎಂದು ನೋಡಿಕೊಳ್ಳದೆ ಚಾಂದ್ ಬಿ ಒಂದು ಹೆಜ್ಜೆಯನ್ನೂ ಮುಂದಿಡುವವರಲ್ಲ. ಬಸ್ಸಿನ ಟಿಕೆಟ್ಟನ್ನು ಊರಿನ ಹೆಸರು ಓದಿಯೇ ಮಡಚುತ್ತಾರೆ, ಚಹಾದ ಲೋಟದೊಳಗೆ ಇಣುಕಿಯೇ ತುಟಿಗೊಯ್ಯುತ್ತಾರೆ, ಎದುರಿದ್ದವರು ಏನನ್ನು ತಂದೆನೆಂದರೂ “ಸಿಕ್ಕಿದ್ದು ನೋಡಿದ್ರಾ?” ಎಂಬ ಪ್ರಶ್ನೆ ತಪ್ಪದು. ಯಲ್ಲಾಪುರದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ತಂದೆಯ ಬೂದುಬಣ್ಣದ ಕೋಟನ್ನು ಸೀರೆಯ ಮೇಲೆ ತೊಟ್ಟು, ನೆಲವನ್ನು ಪರೀಕ್ಷಿಸುವವರಂತೆ ಸಣ್ಣ ಹೆಜ್ಜೆಯಿಟ್ಟು ನಡೆಯುವ ಈ ಐವತ್ತೆರಡರ ಹೆಂಗಸು ಶಿರಸಿಯ ಚಿಕ್ಕ ಕಾರ್ಖಾನೆಯೊಂದರಲ್ಲಿ ಯಂತ್ರಗಳಿಗೆ ‘ಸಿ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಾರೆಂದರೆ ನಾನು ಮೊದಲು ನಂಬಿರಲಿಲ್ಲ.

ಪರಿಚಯವಾದದ್ದು ಅವರ ಯಂತ್ರಕ್ಕೆ ಕನ್ನಡದಲ್ಲಿ ಕೈಪಿಡಿ ಬರೆದುಕೊಡಲು ಹೋದಾಗ. ಆಸ್ಪತ್ರೆಗಳಲ್ಲಿ ರಕ್ತದ ಚೀಲಗಳನ್ನಿಡುವ ಫ್ರಿಜ್ಜಿನ ತಂಪನ್ನು ಕಾಯುವ, ಶಾಖ ಏರಿದರೆ ಕೂಗುವ ಪುಟ್ಟ ಪೆಟ್ಟಿಗೆ ಅದು. “ಪೆಟ್ಟಿಗೆ ಕೆಲವೊಮ್ಮೆ ಚಾಲೂ ಆಗಲು ಒಪ್ಪುವುದಿಲ್ಲ, ಅದನ್ನು ನಂಬಿ” ಎಂದು ಮೊದಲ ಪುಟದಲ್ಲೇ ಬರೆಯಬೇಕೆಂದು ಅವರು ಹಟ ಹಿಡಿದರು. ಯಾವ ಯಂತ್ರದ ವರ್ಣನೆಯೂ ಹೀಗೆ ಆರಂಭವಾದುದನ್ನು ನಾನು ಕಂಡಿರಲಿಲ್ಲ. ಕಾರಣ ಕೇಳಿದೆ.

ಕಾಗದದ ಮೇಲೆ ಚೌಕಗಳನ್ನು ಗೀಚಿ ವಿವರಿಸಿದರು. ಪ್ರೋಗ್ರಾಂ ಏಳುವಾಗ ಮೆಮೊರಿಯಲ್ಲಿ ತನ್ನ ಅಂಕಿಗಳನ್ನಿಡಲು ಜಾಗ ಕೇಳುತ್ತದೆ. ಜಾಗವಿಲ್ಲದಿದ್ದರೆ ಸಿ ಭಾಷೆ ಬೊಬ್ಬೆ ಹಾಕುವುದಿಲ್ಲ. ಜಾಗದ ವಿಳಾಸದ ಬದಲು ಶೂನ್ಯವನ್ನು ಕೈಗಿಟ್ಟು ಸುಮ್ಮನಾಗುತ್ತದೆ. ನೋಡಿಕೊಳ್ಳುವ ಹೊಣೆ ಬರೆದವರದು.

“ನಾನು ನೋಡ್ಲಿಲ್ಲ,” ಎಂದರು, ಚೌಕಗಳಿಂದ ಕಣ್ಣೆತ್ತದೆ.

ಅದು ಮೂರು ವರ್ಷದ ಹಿಂದಿನ ಮಾತು. ಪೆಟ್ಟಿಗೆಯ ಮೆಮೊರಿಯಲ್ಲಿ ತಂಪಿನ ಹಳೆಯ ದಾಖಲೆಗಳು ಹೆಚ್ಚು ದಿನ ಉಳಿಯಲೆಂದು ಕಾರ್ಖಾನೆಯ ಒಡೆಯ ನಂದನ ಅವುಗಳ ಜಾಗವನ್ನು ಹಿಗ್ಗಿಸಿದ್ದ. ಹೊಸ ಅಂಕಿಗಳಿಗೆ ಜಾಗ ಉಳಿಯಲಿಲ್ಲ. ಸಿದ್ದಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿದ್ದ ಪೆಟ್ಟಿಗೆ ಶೂನ್ಯವನ್ನೇ ಜಾಗವೆಂದು ನಂಬಿ ಎದ್ದು, ಹಿಂದಿನ ದಿನದ ನಾಲ್ಕು ಡಿಗ್ರಿಯನ್ನೇ ತೋರಿಸುತ್ತ ಕುಳಿತಿತು. ಮೂರನೆಯ ದಿನ ಫ್ರಿಜ್ಜು ಕೆಟ್ಟಿತು, ಪೆಟ್ಟಿಗೆ ಕೂಗಲಿಲ್ಲ. ಬಿಳಗಿಯಿಂದ ಹೆರಿಗೆಗೆ ಬಂದಿದ್ದ ಮಮತಾಗೆ ರಕ್ತ ಬೇಕಾಗಿ ನರ್ಸ್ ಕಾವ್ಯಶ್ರೀ ಬಾಗಿಲು ತೆರೆದರೆ, ಚೀಲಗಳು ಕೈಗೆ ಬೆಚ್ಚಗೆ ಹತ್ತಿದವು. ಶಿರಸಿಯಿಂದ ಬೇರೆ ರಕ್ತ ಒಯ್ದ ಜೀಪಿನಲ್ಲಿ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವರು ಚಾಂದ್ ಬಿ. ಮಮತಾ ಉಳಿದಳು, ಆದರೆ ಅವಳ ತಾಯಿ ಹೊರಗೆ ಕುಳಿತು ಅಳುತ್ತಿದ್ದುದನ್ನು ಹೇಳುವಾಗ ಚಾಂದ್ ಬಿಯವರ ಪೆನ್ನು ಒಂದೇ ಚೌಕವನ್ನು ಮತ್ತೆ ಮತ್ತೆ ತಿದ್ದುತ್ತಿತ್ತು.

“ಜಾಗ ದೊಡ್ಡ ಮಾಡಿದ್ದು ನಾನು, ತಪ್ಪು ನಂದು ಚಾಂದಕ್ಕ,” ಎಂದನಂತೆ ನಂದನ.

“ನೀವು ಮಾಡಿದ್ದು ಸರಿ. ಸಿಕ್ತೋ ಇಲ್ವೋ ನೋಡೋ ಸಾಲು ನಾನು ಬರೀಬೇಕಿತ್ತು.”

“ಸಿಕ್ಕಿದ್ದು ನೋಡಿದ್ರಾ?” ಎಂಬ ಪ್ರಶ್ನೆ ಅವರ ನಾಲಗೆಗೆ ಅಂಟಿದ್ದು ಅಂದಿನಿಂದಲೇ ಎಂದು ನಂದನ ನನಗೆ ಹೇಳಿದ. ಪ್ರೋಗ್ರಾಮನ್ನು ಅವರು ಹೊಸದಾಗಿ ಬರೆದರು: ಬೇಕಾದುದನ್ನೆಲ್ಲ ಆರಂಭದಲ್ಲೇ ಕೇಳುವುದು, ಒಂದೊಂದನ್ನೂ ನೋಡುವುದು, ಒಂದು ಸಿಗದಿದ್ದರೂ ಮುಂದುವರಿಯದೆ ಕೆಂಪುದೀಪ ಹಚ್ಚಿ ಕೂಗುವುದು, ಎಲ್ಲ ಸಿಕ್ಕ ಮೇಲೆ ಮತ್ತೆಂದೂ ಕೇಳದಿರುವುದು. ನಂದನನಿಗೆ ಅಳುಕು.

“ಚಾಲೂನೇ ಆಗದಿದ್ರೆ ಗಿರಾಕಿ ಎಂತ ಹೇಳ್ತಾರೆ?”

“ಕೆಟ್ಟಿದೆ ಅಂತಾರೆ. ಸುಳ್ಳು ಹೇಳ್ತು ಅನ್ನೂದಿಲ್ಲಲ್ಲ.”

ಒಂದು ಮಧ್ಯಾಹ್ನ ನಾನು ಕರಡು ಓದಿ ಹೇಳುತ್ತಿದ್ದಾಗ ಅದೇ ಆಸ್ಪತ್ರೆಯಿಂದ ಫೋನು ಬಂತು. ಸಿಡಿಲು ಬಡಿದ ಮೇಲೆ ಪೆಟ್ಟಿಗೆ ಕೂಗುತ್ತಲೇ ಇದೆ, ಏನು ಮಾಡಿದರೂ ಚಾಲೂ ಆಗುತ್ತಿಲ್ಲ ಎಂದು ಕಾವ್ಯಶ್ರೀಯ ದೂರು.

“ರಕ್ತ ಏನ್ ಮಾಡಿದ್ರಿ?” ಎಂದರು ಚಾಂದ್ ಬಿ.

“ಕೂಗಿದ ಕೂಡ್ಲೇ ಐಸ್ ಪೆಟ್ಟಿಗೆಗೆ ಹಾಕಿ ಆಯ್ತು ಮೇಡಂ. ಫ್ರಿಜ್ಜೂ ನಿಂತೋಗಿತ್ತು.”

ಸಿಡಿಲಿಗೆ ಮೆಮೊರಿಯ ಚಿಪ್ ಸುಟ್ಟು, ಕೇಳಿದ ಜಾಗ ಸಿಗದೆ, ಪೆಟ್ಟಿಗೆ ಏಳಲು ಒಪ್ಪಿರಲಿಲ್ಲ. ಚಾಂದ್ ಬಿ ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು. ಬಹಳ ಹೊತ್ತು ಒರೆಸುತ್ತಲೇ ಇದ್ದರು. “ಹಳೇ ಪ್ರೋಗ್ರಾಂ ಆಗಿದ್ರೆ ಮತ್ತೆ ನಾಲ್ಕು ಡಿಗ್ರಿ ಅಂತಿತ್ತು,” ಎಂದರು.

ತಮ್ಮ ತಪ್ಪನ್ನು ಮರೆತು ಹಗುರಾಗುವವರು ಲೋಕದಲ್ಲಿ ಬಹಳ. ಅದರ ಭಾರಕ್ಕೆ ಬಾಗಿ ಕೆಲಸವನ್ನೇ ತೊರೆಯುವವರೂ ಉಂಟು. ಇವರಿಬ್ಬರ ನಡುವೆ ವಿರಳವಾದ ಒಂದು ಕುಲವಿದೆ: ತಪ್ಪಿನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತು, ದಿನವೂ ಅದರ ಮುಖ ನೋಡುತ್ತ ದುಡಿಯುವವರು. ಅವರೊಡನೆ ಒಡನಾಟ ತುಸು ಕಿರಿಕಿರಿಯೇ. ಆದರೂ ನಮ್ಮವರೊಬ್ಬರ ಜೀವ ಉಳಿಯಬೇಕಾದ ಹೊತ್ತಿನಲ್ಲಿ, ಕಾವಲಿಗೆ ಅಂಥವರೇ ಇರಲಿ ಎಂದು ಯಾರ ಮನಸ್ಸು ತಾನೇ ಹಂಬಲಿಸದು?