ಮುಖ ನೋಡಬೇಡ, ಬಾಣ ನೋಡು

ಪ್ರಯೋಗಕ್ಕೆ ಬರುತ್ತೇನೆಂದಿದ್ದ ಹೆಂಗಸು ಕೈಕೊಟ್ಟಳು. "ಯಾರಾದರೂ ಸರಿ, ಇವತ್ತೇ ಮುಗಿಸು" ಎಂದು ಮೇಡಂ ಸಿಡುಕಿದರು. ತಂಗಿ ವಿಧಿಯಿಲ್ಲದೆ ಅಕ್ಕನಿಗೇ ಫೋನ್ ಮಾಡಿದಳು.

ಬೇಸರದಲ್ಲಿರುವವರ ಗಮನ ಎತ್ತೆತ್ತ ಜಾರುತ್ತದೆಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ, ಈ ಮೇಡಂ ಕೈಕೆಳಗೆ, ತಂಗಿಗೆ ಕೆಲಸ. ಬಂದವರಿಗೆ ಮೊದಲು ಶೋಕದ ಸಂಗೀತ ಕೇಳಿಸಿ ಮನಸ್ಸು ಭಾರವಾಗಿಸಬೇಕು. ಆಮೇಲೆ ಪರದೆಯ ಮೇಲೆ ಅಳುವ, ನಗುವ, ಸಿಟ್ಟಾದ ಮುಖಗಳು ಬರುತ್ತವೆ, ಪ್ರತಿಯೊಂದರ ಕೆಳಗೂ ಒಂದು ಬಾಣ. ಬಾಣ ತೋರಿಸುವ ಕಡೆಯ ಗುಂಡಿ ಒತ್ತಬೇಕು, ಮುಖದ ಗೊಡವೆಗೆ ಹೋಗಬಾರದು.

ಕಂಡವರ ಗೊಡವೆಗೆ ಹೋಗದೆ ಇರುವ ಜೀವವೇ ಅಕ್ಕ?

"ಇದಕ್ಕಿಂತ ನಮ್ಮನೆ ಫ್ರಿಜ್ಜೇ ಚೆನ್ನಾಗಿ ಅಳುತ್ತೆ" ಎಂದಳು ಅಕ್ಕ, ಹೆಡ್‌ಫೋನ್ ಹಾಕಿಕೊಂಡ ಕೂಡಲೇ.

"ಸುಮ್ಮನೆ ಕೇಳಕ್ಕಾ. ಯಾವುದಾದರೂ ಬೇಜಾರಿನ ವಿಷಯ ನೆನಪಿಸ್ಕೋ. ಮನಸ್ಸಲ್ಲೇ."

ಅಕ್ಕ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ಗಲ್ಲ ಅದುರಿತು. ಸದ್ಯ, ಕೆಲಸ ಆಯಿತೆಂದು ತಂಗಿ ಪರದೆಯ ಮೇಲೆ ಮುಖಗಳನ್ನು ಬಿಟ್ಟಳು.

"ಪಾಪ, ಈ ಹುಡುಗಿಗೆ ಏನಾಯ್ತಂತೆ?"

"ಅಕ್ಕಾ, ಬಾಣ!"

"ಇವನ್ಯಾಕೆ ನನ್ನ ಹೀಗೆ ಗುರಾಯಿಸ್ತಾನೆ?" ತಪ್ಪು ಗುಂಡಿ.

"ಅವನು ಯಾರನ್ನೂ ಗುರಾಯಿಸ್ತಿಲ್ಲ. ಅದು ಫೋಟೊ!"

ಮತ್ತೊಂದು ಅಳುಮುಖ ಬಂತು. ಅಕ್ಕ ಗುಂಡಿಯಿಂದ ಕೈ ತೆಗೆದೇಬಿಟ್ಟಳು. "ನೀನು ಓದೋಕೆ ಹೊರಟ ದಿನ ನನ್ನ ಮುಖ ಹೀಗೇ ಇತ್ತು. ಬಸ್ಸು ಹೊರಟಿತು, ನೀನು ತಿರುಗಿಯೂ ನೋಡಲಿಲ್ಲ."

ತಂಗಿ ದಂಗಾದಳು. "ರೂಮು ಪೂರ್ತಿ ನನ್ನದೇ ಅಂತ ಕುಣಿದಾಡಿದ್ದೆಯಲ್ಲ!"

"ಮತ್ತೆ? ನಿನ್ನೆದುರು ಗೋಳೋ ಅನ್ನಬೇಕಿತ್ತಾ?"

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು, ಹೇಳೋಕೆ ಈಗಲೇ ಆಗಬೇಕಿತ್ತಾ? ಪರೀಕ್ಷೆ ನಡೀತಿದೆ!"

"ನೆನಪಿಸ್ಕೋ ಅಂದವಳು ನೀನೇ ತಾನೆ!"

ಬಂದವರನ್ನು ದುಃಖದಲ್ಲೇ ಕಳಿಸಬಾರದೆಂದು ನಿಯಮ. ಕೊನೆಗೆ ತಂಗಿ, ಬೆಕ್ಕು ಮೇಜಿನಿಂದ ಜಾರಿ ಬೀಳುವ ತಮಾಷೆಯ ವಿಡಿಯೊ ತೋರಿಸಿದಳು. "ಪೆಟ್ಟಾಗಿರುತ್ತೆ ಅದಕ್ಕೆ. ಇದಕ್ಕೆ ನಗಬೇಕಾ?" ಎಂದು ಅಕ್ಕ ಮೂಗೊರೆಸಿಕೊಳ್ಳುತ್ತ ಹೊರಟೇಹೋದಳು.

ಮುಂದಿನ ಸರದಿ ಒಬ್ಬ ದರ್ಜಿಯದು. ತಂಗಿ ಸೂಚನೆಗಳನ್ನು ಓದಿ ಹೇಳಿದಳು, ಸಂಗೀತದ ಫೈಲ್ ತೆರೆದಳು, ಆದರೆ ಕಣ್ಣೆದುರು ಇದ್ದದ್ದು ಬಸ್ಸಿನ ಪಕ್ಕ ನಿಂತ ಅಕ್ಕ. ದರ್ಜಿ ಕಾಲು ಕುಣಿಸುತ್ತ ತಾಳ ಹಾಕುತ್ತಿದ್ದುದು ಅವಳ ಗಮನಕ್ಕೆ ಬಂದದ್ದು ಎಲ್ಲ ಮುಗಿದ ಮೇಲೆ. ಶೋಕದ ಬದಲು ಪಕ್ಕದ ಫೈಲಿನ ಖುಷಿಯ ಸಂಗೀತ ಹಾಕಿದ್ದಳು!

"ಗಮನ ಎಲ್ಲಿತ್ತು ನಿನಗೆ?" ಎಂದರು ಮೇಡಂ.

ಸಂಜೆ ತಂಗಿ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದಳು. "ಇನ್ನೂ ಅಳ್ತಿದ್ದೀಯಾ?"

"ನಾನ್ಯಾಕೆ ಅಳಲಿ? ಎದೆ ಹಗುರಾಗಿ ಮಧ್ಯಾಹ್ನ ಗಡದ್ದಾಗಿ ನಿದ್ದೆ ಬಂತು. ಮತ್ತೆ ಯಾವಾಗ ಬರಲಿ?"

"ಆ ಕಡೆ ತಲೆ ಹಾಕಬೇಡ! ನಿನ್ನಿಂದ ಇಡೀ ದಿನದ ಕೆಲಸ ಹಾಳಾಯ್ತು." ಉಸಿರು ಎಳೆದುಕೊಂಡಳು. "ಬಸ್ಸಲ್ಲಿ ತಿರುಗಿದ್ದರೆ ನಾನು ಇಳಿದುಬಿಡ್ತಿದ್ದೆ, ಅದಕ್ಕೇ ತಿರುಗಲಿಲ್ಲ. ಗೊತ್ತಾಯ್ತಾ?"

ಅತ್ತ ಅಕ್ಕ ಬಯ್ಯಲು ಶುರುವಿಟ್ಟುಕೊಂಡಳು: ಕಲ್ಲೆದೆಯವಳು, ಮಹಾ ಹಟಮಾರಿ, ಚಿಕ್ಕಂದಿನಿಂದಲೂ ಹೀಗೇ. ತಂಗಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹಾಳಾದ ಎರಡೂ ಫಲಿತಾಂಶಗಳನ್ನು ಅಳಿಸುತ್ತ, ಹೂಂ ಹೂಂ ಎನ್ನುತ್ತಿದ್ದಳು.