ಮೂರನೆಯ ಆಜ್ಞೆಯ ಉತ್ತರ

ಟೀಚರಮ್ಮನಿಗೆ ಆ ವಾರವೆಲ್ಲ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಅದಕ್ಕೆ ಕಾರಣವೂ ಇತ್ತು. ಚರ್ಚು ಗುಡಿಸುವ ಅಕ್ಕ ಒಂಬತ್ತು ವರ್ಷಗಳಿಂದ ಒಂದು ಭಾನುವಾರವೂ ಬೆಂಚಿನಲ್ಲಿ ಕುಳಿತು ಪೂಜೆ ಕಂಡವಳಲ್ಲ. ಮೊದಲ ಪೂಜೆಗೆ ಮುಂಚೆ ನೆಲ ಒರೆಸಬೇಕು, ಎರಡು ಪೂಜೆಗಳ ನಡುವೆ ಮಕ್ಕಳು ಚೆಲ್ಲಿದ್ದನ್ನು ಬಳಿಯಬೇಕು, ಕೊನೆಗೆ ಬಾಗಿಲು ಹಾಕಬೇಕು. ಪೂಜೆಯ ಹೊತ್ತಿನಲ್ಲಿ ಒರೆಸುವ ಬಟ್ಟೆ ಹಿಡಿದು ಹಿಂಬಾಗಿಲ ಹೊಸ್ತಿಲಲ್ಲಿ ನಿಂತಿರುವಳು. ದೇವರ ದಿನವನ್ನು ಪವಿತ್ರವಾಗಿ ಆಚರಿಸಿರಿ ಎಂದು ಒಳಗೆ ಬೋಧಿಸುವುದು, ಆ ಪವಿತ್ರತೆಯ ಭಾರವನ್ನೆಲ್ಲ ಹೊಸ್ತಿಲಲ್ಲಿ ನಿಂತ ಒಬ್ಬಳ ಸೊಂಟದ ಮೇಲೆ ಹೊರಿಸುವುದು! ಇದಕ್ಕಿಂತ ನಾಚಿಕೆಗೇಡು ಮತ್ತೊಂದಿಲ್ಲವೆಂದು ಟೀಚರಮ್ಮ ಚರ್ಚಿನ ನ್ಯಾಯ ಸಮಿತಿಗೆ ನಾಲ್ಕು ಪುಟ ಬರೆದಿದ್ದಳು. ಶನಿವಾರ ಸಂಜೆ ಐದಕ್ಕೆ ಸಭೆ. ಅಲ್ಲಿ ಅದನ್ನು ಓದಿ ಅಕ್ಕನಿಗೆ ಭಾನುವಾರವನ್ನು ಕೊಡಿಸಿಯೇ ತೀರುವುದೆಂದು ಪಣ ತೊಟ್ಟಿದ್ದಳು.

ಆ ಶನಿವಾರ ಮಧ್ಯಾಹ್ನ, ಎರಡು ವರ್ಷದ ಅವಳಿಗಳಲ್ಲಿ ಒಂದಕ್ಕೆ ಚಡ್ಡಿ ಹಾಕುವಷ್ಟರಲ್ಲಿ ಇನ್ನೊಂದು ಚಡ್ಡಿ ಕಳಚಿಕೊಂಡು ಓಡುತ್ತಿತ್ತು. ಆ ಗಲಾಟೆಯ ನಡುವೆ ಎಂಟು ವರ್ಷದ ಹಿರಿಮಗಳು ಚೂಟಿ ನೋಟುಬುಕ್ಕಿನೊಂದಿಗೆ ಬಂದು ನಿಂತಳು. ಮುಂದಿನ ವಾರ ಅವಳ ಮೊದಲ ಪಾಪನಿವೇದನೆ; ಮಾಡಿದ ತಪ್ಪುಗಳನ್ನು ಚರ್ಚಿನ ಗುರುಗಳ ಕಿವಿಯಲ್ಲಿ ಒಪ್ಪಿಕೊಳ್ಳಬೇಕು.

"ಅಮ್ಮಾ, ಇದನ್ನ ತಿದ್ದಿಕೊಡು."

"ಪಾಪನಿವೇದನೆ ಗುಟ್ಟಿನದು ಕಣೇ. ದೇವರಿಗೆ, ಗುರುಗಳಿಗೆ ಮಾತ್ರ. ನಾನು ನೋಡಬಾರದು."

"ನೋಡಬಹುದು. ಇದರಲ್ಲಿ ಮುಕ್ಕಾಲು ನನ್ನದಲ್ಲ."

ಟೀಚರಮ್ಮನ ಕೈಯಿಂದ ಚಡ್ಡಿ ಜಾರಿತು. ಪುಟದಲ್ಲಿ ದೇವರ ಹತ್ತು ಆಜ್ಞೆಗಳು ಪ್ರಶ್ನೆಪತ್ರಿಕೆಯಂತೆ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮುಂದೆ ಒಂದು ಉತ್ತರ. ನಾಲ್ಕನೆಯದು, ತಂದೆತಾಯಿಯರನ್ನು ಗೌರವಿಸು, ಅವಳದೇ: 'ಅಜ್ಜಿಗೆ ನಾಲಿಗೆ ಚಾಚಿದೆ.' ಐದನೆಯದು, ಕೊಲೆ ಮಾಡಬಾರದು: 'ಅಪ್ಪ. ಸೊಳ್ಳೆ. ದಿನಾ.' ಏಳನೆಯದು, ಕಳ್ಳತನ: 'ಅಪ್ಪ. ಅಮ್ಮ ಬಚ್ಚಿಟ್ಟ ಬಿಸ್ಕತ್ತು.'

"ಇದೇನೇ ಇದು, ಮನೆಯವರ ಪಾಪನೆಲ್ಲ ಗುಡ್ಡೆ ಹಾಕಿದೀಯಾ?"

"ನನ್ನ ಹತ್ರ ಮೂರೇ ಇತ್ತು. ಉತ್ತರ ಖಾಲಿ ಬಿಡಬಾರದು ಅಂತ ನೀನೇ ತಾನೇ ಹೇಳೋದು?"

ಹೌದು, ಅವಳೇ ಹೇಳುವುದು. ಹದಿನಾಲ್ಕು ವರ್ಷಗಳಿಂದ ತರಗತಿಯಲ್ಲಿ, ಮನೆಯಲ್ಲಿ, ದಿನಕ್ಕೆರಡು ಬಾರಿ. ಬಾಗಿಲ ಬಳಿ ನಿಂತಿದ್ದ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಪಾಪ ಕಣ್ಣಿಗೆ ಬಿದ್ದಿಲ್ವಾ? ಮೇಲೆ ನೋಡು, ಮೇಲೆ."

ಮೂರನೆಯದು, ದೇವರ ದಿನ: 'ಅಮ್ಮ. ಭಾನುವಾರ ಅಕ್ಕನ ಕೈಲಿ ಪಾತ್ರೆ ತೊಳೆಸ್ತಾಳೆ.'

ಟೀಚರಮ್ಮನ ನಗು ಅರ್ಧಕ್ಕೇ ನಿಂತಿತು. ಚರ್ಚಿನ ಬಾಗಿಲು ಹಾಕಿದ ಅಕ್ಕ ನೇರವಾಗಿ ಬರುತ್ತಿದ್ದುದು ಈ ಮನೆಗೇ. ಮೂರು ಮಕ್ಕಳ ತಾಯಿ, ದುಡಿಯುವ ಹೆಂಗಸು, ವಾರವಿಡೀ ಬಿಡುವಿಲ್ಲ ಎಂಬ ನೆಪಗಳು ಸಾಲುಗಟ್ಟಿ ಬಂದವು. ಆದರೆ ಆ ನೆಪಗಳಲ್ಲಿ ಅಕ್ಕನಿಗೆ ಅನ್ವಯಿಸದ ಒಂದೂ ಇರಲಿಲ್ಲ. ಅನ್ಯಾಯವು ಸಾರ್ವಜನಿಕ ಕಟ್ಟಡದಲ್ಲಿದ್ದರೆ ಮನುಷ್ಯನಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ! ತನ್ನ ಅಡುಗೆಮನೆಯಲ್ಲಿದ್ದರೆ ಅದಕ್ಕೆ ಅನುಕೂಲವೆಂದು ಹೆಸರು.

"ಸಭೆಯಲ್ಲಿ ಇದನ್ನ ಹೇಳ್ಬೇಡ ಮಾರಾಯ್ತಿ," ಎಂದ ಗಂಡ. "ಸಮಿತಿ ಅಧ್ಯಕ್ಷರು ಇಂಥದಕ್ಕೇ ಕಾಯ್ತಾ ಇರ್ತಾರೆ. ನಿನ್ನ ನಾಲ್ಕು ಪುಟಾನೂ ನೀರಲ್ಲಿ ಹೋಮ ಆಗುತ್ತೆ."

ಅದು ನಿಜವಾದ ಭಯವೇ ಆಗಿತ್ತು. ಬಾಯಿ ಮುಚ್ಚಿಕೊಂಡರೆ ಅಕ್ಕನ ಪರವಾಗಿ ಗೆಲ್ಲಬಹುದು. ಬಾಯಿ ಬಿಟ್ಟರೆ ಅಕ್ಕನಿಗೇ ನಷ್ಟ.

ಸಭೆಯಲ್ಲಿ ಹದಿಮೂರು ಮಂದಿ ಇದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಕನಿಕರ ನಮಗೂ ಇದೆ ಟೀಚರ್. ಆದ್ರೆ ಭಾನುವಾರ ಅವಳಿಲ್ದೆ ನಡೆಯುತ್ತಾ? ನಿಮ್ಮ ಮನೆಯಾಗಿದ್ರೆ ನಡೀತಿತ್ತಾ, ಹೇಳಿ," ಎಂದರು.

ಟೀಚರಮ್ಮ ನಾಲ್ಕು ಪುಟಗಳನ್ನು ಮಡಿಚಿ ಚೀಲಕ್ಕೆ ಹಾಕಿದಳು. "ನಡೆಸಿಲ್ಲ ಸರ್. ಭಾನುವಾರ ಮಧ್ಯಾಹ್ನ ಅಕ್ಕ ನಮ್ಮನೆಗೇ ಬರ್ತಾರೆ. ಇವತ್ತು ನನ್ನ ಮಗಳು ಹೇಳೋವರೆಗೂ ಅದು ತಪ್ಪು ಅಂತ ನನಗೆ ಹೊಳೆದೇ ಇರಲಿಲ್ಲ. ನಾಳೆಯಿಂದ ನಾನೇ ತೊಳೀತೀನಿ. ಚರ್ಚನ್ನೂ ನಾಳೆ ನಾವೇ ಗುಡಿಸ್ತೀವಿ, ನಾನು, ನಮ್ಮನೆಯವರು, ಮಕ್ಕಳು."

ಅಧ್ಯಕ್ಷರ ಮುಖ ಅರಳಿತು, ಬಾಯಿ ತೆರೆಯಿತು. ಅಷ್ಟರಲ್ಲಿ ಮೂಲೆಯಿಂದ ಡಾಕ್ಟರಮ್ಮ ಮೆಲ್ಲಗೆ, "ನಮ್ಮನೆ ಅಡುಗೆಯವಳೂ ಭಾನುವಾರ ಆರಕ್ಕೇ ಬರ್ತಾಳೆ," ಎಂದಳು. ಔಷಧಿ ಅಂಗಡಿಯವನು ತನ್ನ ಕೆಲಸದ ಹುಡುಗಿಯ ವಿಷಯ ಹೇಳಿದ. ಒಬ್ಬರ ಬೆನ್ನಿಗೆ ಒಬ್ಬರು. ಕೊನೆಗೆ ಅಧ್ಯಕ್ಷರು ಮೇಜಿನ ಅಂಚನ್ನು ನೋಡುತ್ತ, "ನಮ್ಮ ಡ್ರೈವರು," ಎಂದು ಗೊಣಗಿದರು.

ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪನಿವೇದನೆ ಪೆಟ್ಟಿಗೆಯಲ್ಲಿ ವಾರವಾರ ಕೂತು ಬೆನ್ನು ನೋಯಿಸ್ಕೊಳ್ತೀನಿ. ಇಷ್ಟು ಬೆಳೆ ಒಂದು ದಿನವೂ ಬಂದಿಲ್ಲ. ಪ್ರಾಯಶ್ಚಿತ್ತ ಬೇಕಲ್ಲ. ಭಾನುವಾರಕ್ಕೊಂದು ಮನೆಯವರು ಪೊರಕೆ ಹಿಡೀರಿ. ಅಕ್ಕನ ಸಂಬಳಕ್ಕೆ ಯಾರೂ ಕೈ ಹಾಕಕೂಡದು."

ಸುದ್ದಿ ತಿಳಿಸಲು ಹೋದಾಗ ಅಕ್ಕ ಬಕೆಟ್ಟು ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟಳು. "ಬರ್ಬೇಡ ಅಂದ್ರೆ? ಅಲ್ಲೂ ಬೇಡ, ನಿಮ್ಮನೆಗೂ ಬೇಡ? ಆ ಗಾಜಿನ ಲೋಟ ಒಡೆದಿದ್ದು ನಾನಲ್ಲ ಟೀಚರಮ್ಮ, ನಿಮ್ಮ ಅವಳಿಗಳು."

"ಲೋಟದ ಮಾತಲ್ಲ ಅಕ್ಕಾ. ಭಾನುವಾರ ನಿಮ್ಮದು. ಸಂಬಳ ಅಷ್ಟೇ ಇರುತ್ತೆ. ಇಷ್ಟು ವರ್ಷ ಕೊಡದೇ ಇದ್ದದ್ದು ನನ್ನ ತಪ್ಪು."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ತಪ್ಪು ಗೊತ್ತಾಗೋಕೆ ಒಂಬತ್ತು ವರ್ಷ ಬೇಕಾಯ್ತಾ? ಪಾಠ ಹೇಳೋರು ನೀವು."

ಟೀಚರಮ್ಮ ಬಗ್ಗಿ, ಕೆಳಗಿದ್ದ ಬಕೆಟ್ಟನ್ನು ತಾನೇ ಎತ್ತಿಕೊಂಡಳು.

ಮರುದಿನ ಗಂಡ ಬೆಂಚು ಸರಿಸಿದ, ಚೂಟಿ ಗುಡಿಸಿದಳು, ಗುಡಿಸಿದಲ್ಲೆಲ್ಲ ಅವಳಿಗಳು ಬಿಸ್ಕತ್ತಿನ ಪುಡಿ ಉದುರಿಸುತ್ತ ಹಿಂಬಾಲಿಸಿದವು. ಇಸ್ತ್ರಿ ಮಾಡಿದ ಸೀರೆಯುಟ್ಟು ಅಕ್ಕ ಬಂದಳು. ಪೀಠದ ಮೆಟ್ಟಿಲು ಕಂಡು ತಡೆಯಲಾರದೆ, "ಹೀಗೆ ಒದ್ದೆ ಬಿಟ್ರೆ ಗುರುಗಳು ಜಾರಿ ಬೀಳ್ತಾರೆ. ಕೊಡಿ ಇಲ್ಲಿ," ಎಂದು ಕೈ ಚಾಚಿದಳು.

"ಕೊಡಲ್ಲ. ಹೋಗಿ ಕೂತ್ಕೊಳ್ಳಿ," ಎಂದಳು ಟೀಚರಮ್ಮ, ಒರೆಸುವ ಬಟ್ಟೆಯನ್ನು ಹಿಂದಕ್ಕೆಳೆದುಕೊಂಡು.

ಅಕ್ಕ ಮೂರನೆಯ ಬೆಂಚಿನ ನಟ್ಟನಡುವೆ ಕುಳಿತಳು. ಹಾಡಿದಳು, ಮೊಣಕಾಲೂರಿದಳು, ಶುಭಸಂದೇಶ ಓದುವಾಗ ಎದ್ದು ನಿಂತಳು. ಗುರುಗಳ ಪ್ರಬೋಧನೆ ಆರಂಭವಾದ ಎರಡನೆಯ ನಿಮಿಷಕ್ಕೆ ಅವಳ ತಲೆ ಮೆಲ್ಲನೆ ಡಾಕ್ಟರಮ್ಮನ ಭುಜಕ್ಕೆ ಒರಗಿತು. ಸಣ್ಣ ಗೊರಕೆಯೂ ಕೇಳಿಸಿತು. ಎಬ್ಬಿಸಲೆಂದು ಅಧ್ಯಕ್ಷರು ಹಿಂದಿನ ಬೆಂಚಿನಿಂದ ಬಾಗಿದರು. ಟೀಚರಮ್ಮ ತರಗತಿಯಲ್ಲಿ ನೋಡುವಂತೆ ಅವರನ್ನು ಒಮ್ಮೆ ನೋಡಿದಳು. ಅವರು ಕೈ ಕಟ್ಟಿ ಕುಳಿತರು. ಪೀಠದ ಮೇಲಿಂದ ಇದನ್ನೆಲ್ಲ ಕಂಡ ಗುರುಗಳು ದನಿ ತಗ್ಗಿಸಿ, ಮಗುವಿನ ತೊಟ್ಟಿಲ ಪಕ್ಕದಲ್ಲಿ ಮಾತಾಡುವವರ ಹಾಗೆ ಮುಂದುವರಿಸಿದರು.