ಪಿನ್ನು ಅಂಗಡಿಯದು

ಸುಳ್ಳೇ ಹೇಳುವುದಿಲ್ಲ ಎಂದು ಹಟ ಹಿಡಿಯುವವರು ದರ್ಜಿಯ ಮನೆಯಲ್ಲಿ ಹುಟ್ಟಬಾರದು. ನನ್ನ ತಂಗಿ ಹುಟ್ಟಿಬಿಟ್ಟಿದ್ದಳು. ಮೊನ್ನೆ ಮೊನ್ನೆಯವರೆಗೂ ನಮ್ಮೆಲ್ಲರ ಹಾಗೆ ಸಲೀಸಾಗಿ ಸುಳ್ಳು ಹೇಳಿಕೊಂಡು ಚೆನ್ನಾಗಿಯೇ ಇದ್ದಳು. "ನಾಳೆ ಬನ್ನಿ ಸಾರ್, ಕಾಜಾ ಒಂದು ಬಾಕಿ" ಎಂದು ಅವಳು ನಗುನಗುತ್ತಾ ಹೇಳಿದರೆ, ಆ ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿಲ್ಲವೆಂದು ನನಗೆ ಪೂರ್ತಿ ಗೊತ್ತಿರುತ್ತಿತ್ತು, ಗಿರಾಕಿಗೆ ಅರ್ಧ ಗೊತ್ತಿರುತ್ತಿತ್ತು. ನಮ್ಮ ಅಂಗಡಿಯ "ನಾಳೆ"ಯನ್ನು ನಂಬಿ ಯಾರೂ ಮದುವೆ ಇಟ್ಟುಕೊಂಡವರಲ್ಲ.

ಹಾಗಿದ್ದವಳು ಒಂದು ದಿನ ಬೆಳಿಗ್ಗೆ, ಕೋಟು ಕೇಳಲು ಬಂದ ಮೇಷ್ಟರ ಮುಖ ನೋಡಿ, "ಇಲ್ಲ ಸಾರ್, ನಿಮ್ಮ ಬಟ್ಟೆ ಇನ್ನೂ ಕತ್ತರಿಸೇ ಇಲ್ಲ. ಮುಂದಿನ ವಾರಾನೂ ಆಗೋದು ಅನುಮಾನ" ಎಂದುಬಿಟ್ಟಳು.

ನನ್ನ ಮಿಷನ್ನಿನ ದಾರ ಪಟಕ್ಕನೆ ಕಿತ್ತುಹೋಯಿತು. ಮೇಷ್ಟರು ಬಟ್ಟೆಯನ್ನು ವಾಪಸು ಕೇಳಿ, ಬಗಲಿಗೆ ಸಿಕ್ಕಿಸಿಕೊಂಡು, ಎದುರು ಸಾಲಿನ ಅಂಗಡಿಗೆ ನಡೆದರು. ಅಪ್ಪ ಕತ್ತರಿಯನ್ನು ಮೇಜಿನ ಮೇಲಿಟ್ಟರು.

"ಏನೇ ಗುಂಡಿ, ಹುಷಾರಾಗಿದೀಯಾ?"

ಗುಂಡಿ ಎನ್ನುವುದು ಅವಳಿಗೆ ನಾವಿಟ್ಟ ಹೆಸರು. ಅಂಬೆಗಾಲಿಡುವಾಗ ಮೇಜಿನ ಕೆಳಗೆ ಬಿದ್ದಿದ್ದ ಕೋಟಿನ ಗುಂಡಿಯೊಂದನ್ನು ನುಂಗಿ ಮನೆಯವರನ್ನೆಲ್ಲ ಅಳಿಸಿದ್ದಳು. ಈಗಲೂ ಹಾಗೆಯೇ ಏನನ್ನೋ ನುಂಗಿಕೊಂಡವಳಂತೆ ಕೂತಿದ್ದಳು.

"ಅಪ್ಪಾ, ನಾನು ಯೇಸುವನ್ನ ನಂಬಿದೀನಿ. ಇನ್ನು ಮೇಲೆ ಸುಳ್ಳು ಹೇಳೋಕಾಗಲ್ಲ" ಎಂದಳು.

ಹೋಗಿ ಹೋಗಿ ಕೋಟಿನ ವಿಷಯದಲ್ಲಿ ಇದನ್ನು ಹೇಳುವುದೇ? ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಸಮವಸ್ತ್ರ ಹೊಲಿಸಲು ಬರುತ್ತಿದ್ದ ನರ್ಸಮ್ಮ ಅವಳನ್ನು ಭಾನುವಾರದ ಸಭೆಗೆ ಕರೆದುಕೊಂಡು ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಹೋಗಲಿ, ಹಾಡು ಕೇಳಿ ಬರುತ್ತಾಳೆ, ನಾಲ್ಕು ಜನರ ಮುಖ ನೋಡುತ್ತಾಳೆ ಎಂದು ಸುಮ್ಮನಿದ್ದೆ. ಬೆಳಿಗ್ಗೆ ಅಮ್ಮ ಮನೆದೇವರಿಗೆ ಕೈಮುಗಿಯುವಾಗ ಅವಳು ಪಕ್ಕದಲ್ಲಿ ನಿಲ್ಲುವುದನ್ನು ಬಿಟ್ಟದ್ದನ್ನೂ ನೋಡಿದ್ದೆ. ನೋಡಿಯೂ ನೋಡದ ಹಾಗಿದ್ದೆ.

ಅಮ್ಮ ಮಾತ್ರ ಗುಂಡಿಯನ್ನೇ ದಿಟ್ಟಿಸಿ, "ನಿಂಗೆ ಜ್ವರ ಬಂದಾಗೆಲ್ಲ ನಾನು ಬೇಡ್ಕೊಂಡಿದ್ದು ಸಾಲ್ದಾಯ್ತೇನೇ?" ಎಂದು ಕೇಳಿದಳು. ಗುಂಡಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಆದರೆ ಅಳು ನಿಂತ ಮೇಲೂ ಮಾತು ಬದಲಿಸಲಿಲ್ಲ.

ಸುದ್ದಿ ದೊಡ್ಡಪ್ಪನ ಕಿವಿಗೆ ಬಿತ್ತು. ದೊಡ್ಡಪ್ಪ ಅಪ್ಪನ ಅಣ್ಣ, ಅಪ್ಪನ ಕೈಗೆ ಮೊದಲು ಕತ್ತರಿ ಕೊಟ್ಟವರು. ಅವರ ಮುಂದೆ ಅಪ್ಪ ಕುರ್ಚಿಯಲ್ಲಿ ಕೂತದ್ದನ್ನೂ ನಾನು ಕಂಡಿಲ್ಲ, ಎದುರಾಡಿದ್ದನ್ನಂತೂ ಇಲ್ಲವೇ ಇಲ್ಲ. ಬಂದವರೇ ಗಿರಾಕಿಗಳ ಬೆಂಚಿನ ಮೇಲೆ ಕೂತು, ಗುಂಡಿಯನ್ನು ಎದುರಿಗೆ ನಿಲ್ಲಿಸಿಕೊಂಡು ಬಾಯಿಗೆ ಬಂದದ್ದೆಲ್ಲ ಅಂದರು. ಮನೆತನದ ಮಾನ ಬೀದಿಗೆ ಬಂತು ಎಂದರು. ನಾಳೆ ಯಾರು ನಮ್ಮ ಮನೆಗೆ ಹೆಣ್ಣು ಕೊಡುತ್ತಾರೆ, ನಮ್ಮಿಂದ ಯಾರು ತೆಗೆದುಕೊಳ್ಳುತ್ತಾರೆ ಎಂದರು. ನಮ್ಮ ಮನೆಯಲ್ಲಿ ಗಂಡುಮಕ್ಕಳೇ ಇಲ್ಲ, ಇನ್ನು ಹೆಣ್ಣು ಕೊಡುವ ಮಾತೆಲ್ಲಿ ಎಂದು ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ.

"ದೀಕ್ಷಾಸ್ನಾನ ಅಂತೆ? ನೀರಲ್ಲಿ ಮುಳುಗಿಸ್ತಾರಂತೆ? ಯಾವತ್ತು?"

"ಬರೋ ತಿಂಗಳ ಮೊದಲನೇ ಭಾನುವಾರ, ದೊಡ್ಡಪ್ಪ" ಎಂದಳು ಗುಂಡಿ. ಸುಳ್ಳು ಹೇಳುವುದಿಲ್ಲವಲ್ಲ, ಪುಣ್ಯಾತಗಿತ್ತಿ! ಗೊತ್ತಿಲ್ಲ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು?

ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಲ್ಲಪ್ಪ? ಈಗ ನೀನು ಹೇಳು. ನಿನ್ನ ಬಾಯಲ್ಲೇ ಬರ್ಲಿ."

ಅಪ್ಪ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ತುಂಡನ್ನು ಬೆರಳಲ್ಲಿ ಹೊರಳಿಸುತ್ತಿದ್ದರು. "ಆ ಭಾನುವಾರ ಹೊಸಿಲು ದಾಟಿದ್ರೆ, ಮತ್ತೆ ಈ ಹೊಸಿಲು ತುಳಿಯೋದು ಬೇಡ" ಎಂದರು. ಹೇಳಿದ್ದು ಗುಂಡಿಗೆ, ನೋಡಿದ್ದು ಸೀಮೆಸುಣ್ಣವನ್ನು.

ಅಂದಿನಿಂದ ಅಪ್ಪ ಅವಳ ಕಡೆ ಕಣ್ಣೆತ್ತಿ ನೋಡಲಿಲ್ಲ. ಎಲ್ಲರೂ ಕೂರುವುದು ಒಂದೇ ಕೋಣೆಯಲ್ಲಿ. ನಡುವೆ ಅಪ್ಪನ ಕತ್ತರಿ ಮೇಜು, ಗೋಡೆಗೆ ಆನಿಸಿದಂತೆ ನಮ್ಮಿಬ್ಬರ ಮಿಷನ್ನು, ಮೂಲೆಯಲ್ಲಿ ಕಾಜಾ ಹಾಕುವ ಅಮ್ಮ. ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತವಳಿಗೆ ಅಪ್ಪ ನನ್ನ ಮೂಲಕ ಮಾತಾಡುವರು. "ಅವಳಿಗೆ ಹೇಳು, ತೋಳು ಸೇರಿಸ್ಲಿ." "ಅವಳಿಗೆ ಹೇಳು, ಇಸ್ತ್ರಿ ಕಾದಿದೆ." ನಾನು ತಿರುಗಿ, "ಇಸ್ತ್ರಿ ಕಾದಿದೆಯಂತೆ" ಎನ್ನಬೇಕು. ಅವಳು, "ಕೇಳಿಸ್ತು ಅಕ್ಕ" ಎನ್ನಬೇಕು. ಇಬ್ಬರೂ ಸೇರಿ ನನ್ನನ್ನು ಟಪಾಲು ಪೆಟ್ಟಿಗೆ ಮಾಡಿಕೊಂಡಿದ್ದರು.

ಊಟಕ್ಕೆ ಗುಂಡಿ ಬಂದು ಕೂತರೆ ಅಪ್ಪ ತಟ್ಟೆ ಬಿಟ್ಟು ಏಳುವರು. ಅವರು ಏಳಬಾರದೆಂದು ಅವಳು ಬರುವುದನ್ನೇ ಬಿಟ್ಟಳು. ಅಮ್ಮ ಒಳಕೋಣೆಗೆ ತಟ್ಟೆ ಒಯ್ದರೆ ಅರ್ಧಕ್ಕರ್ಧ ಹಾಗೇ ವಾಪಸು ಬರುವುದು. ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಅಪ್ಪ ಎಳೆದ ಗೆರೆಯನ್ನೇ ಒರೆಸಿ ಮತ್ತೆ ಎಳೆಯುವರು, ಅಮ್ಮ ಬಾಗಿಲಿಗೂ ಒಲೆಗೂ ಸುಮ್ಮನೆ ತಿರುಗುವಳು, ನಾನು ಸೂಜಿಯ ಮೇಲೆ ಸೂಜಿ ಮುರಿಯುತ್ತಿದ್ದೆ. ಎಲ್ಲರಿಗಿಂತ ನಿರಾಳವಾಗಿ ಕಾಣುತ್ತಿದ್ದವಳು ಗುಂಡಿಯೇ, ಅದೇ ನನ್ನ ಹೊಟ್ಟೆ ಉರಿಸುತ್ತಿತ್ತು. ಆದರೆ ಒಂದು ಸಲ ನಾನು ನೀರು ತರಲು ಹೋದಾಗ ಅವಳು ಹಿತ್ತಿಲಲ್ಲಿ ಗೋಡೆಗೆ ಹಣೆಯಿಟ್ಟು, ತುಟಿ ಅಲುಗಿಸುತ್ತಾ ನಿಂತಿದ್ದನ್ನು ನೋಡಿದೆ. ಬೆನ್ನು ನಡುಗುತ್ತಿತ್ತು. ನಿರಾಳವೂ ಇಲ್ಲ, ಗಿರಾಳವೂ ಇಲ್ಲ.

ಆ ವಾರವೇ ಅವಳು ಬಿಳಿ ಬಟ್ಟೆ ತಂದಳು. ಸ್ನಾನದ ದಿನ ಬಿಳಿಯ ನಿಲುವಂಗಿ ತೊಡಬೇಕಂತೆ.

"ಅಕ್ಕ, ಅಳತೆ ತಕ್ಕೋತೀಯಾ?"

ದರ್ಜಿಯಾದರೂ ತನ್ನ ಅಳತೆ ತಾನು ತೆಗೆದುಕೊಳ್ಳಲು ಬರುವುದಿಲ್ಲ. ಟೇಪು ಹಿಡಿದು ಕೈ ಎತ್ತಿದರೆ ಭುಜವೂ ಜೊತೆಗೆ ಏಳುತ್ತದೆ. ಅವಳಿಗೆ ನಾನೇ ಬೇಕಿತ್ತು. ಅದು ಗೊತ್ತಿದ್ದೂ, "ನಿನ್ನ ಯೇಸುಗೇ ಹೇಳು, ಟೇಪು ಹಿಡ್ಕೊಂಡು ಬರ್ಲಿ" ಎಂದೆ.

ಅವಳು ಬಟ್ಟೆಯನ್ನು ಮಡಿಸಿ ಕತ್ತರಿ ಮೇಜಿನ ಅಂಚಿನಲ್ಲಿಟ್ಟು ಹೋದಳು. ಅದು ಅಲ್ಲೇ ಬಿದ್ದಿತ್ತು. ಅಪ್ಪ ಅದನ್ನು ಆಚೆ ತಳ್ಳುವರು, ಈಚೆ ತಳ್ಳುವರು, ನೆಲಕ್ಕೆ ಬಿಸಾಡುವುದಿಲ್ಲ. ಬಿಸಾಡಲಿ ಎಂದು ನಾನು ಕಾಯುತ್ತಿದ್ದೆ. ಬಟ್ಟೆ ಇಲ್ಲದಿದ್ದರೆ ಸ್ನಾನವೂ ಇಲ್ಲ ಎನ್ನುವ ಹುಚ್ಚು ಲೆಕ್ಕ ನನ್ನದು.

ಒಂದು ಬೆಳಿಗ್ಗೆ ನೋಡಿದರೆ, ಬಿಳಿ ಬಟ್ಟೆ ಕತ್ತರಿಸಿ, ತುಂಡುಗಳನ್ನು ಸುತ್ತಿ, ಗಿರಾಕಿಗಳ ಬಟ್ಟೆಗೆ ಕಟ್ಟುವ ಹಾಗೆಯೇ ಬಟ್ಟೆಯಂಚಿನಿಂದ ಹರಿದ ಪಟ್ಟಿಯಿಂದ ಕಟ್ಟಿ ಗುಂಡಿಯ ಮಿಷನ್ನಿನ ಮೇಲಿತ್ತು. ಅಪ್ಪ ಟೇಪು ಮುಟ್ಟದವರು, ಕಣ್ಣಳತೆಯಲ್ಲೇ ಕತ್ತರಿಸುವವರು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಎದೆಯೆಷ್ಟು, ಭುಜವೆಷ್ಟು ಎಂದು ಹೇಳಿಬಿಡುವರು, ತಪ್ಪಿದ್ದನ್ನು ನಾವು ನೋಡಿಲ್ಲ. ಗುಂಡಿ ಗಂಟು ಬಿಚ್ಚಿ, ಸೀಮೆಸುಣ್ಣದ ಗೆರೆಗಳ ಮೇಲೆ ಬೆರಳಾಡಿಸಿದಳು. ಅಪ್ಪ ಆಗ ಯಾರದೋ ಪ್ಯಾಂಟಿನ ಕಾಲು ಮಡಿಸುವುದರಲ್ಲಿ ಮುಳುಗಿಹೋಗಿದ್ದರು.

ಅವಳು ಹೊಲಿದಳು. ಅಪ್ಪನ ಗೆರೆ ಬಿಟ್ಟು ಒಂದು ಹೊಲಿಗೆಯನ್ನೂ ಆಚೀಚೆ ಹಾಕಲಿಲ್ಲ.

ಆ ಭಾನುವಾರ ಬೆಳಿಗ್ಗೆಯೇ ದೊಡ್ಡಪ್ಪ ಬಂದು ಬೆಂಚಿನ ಮೇಲೆ ಕೂತರು. ತಮ್ಮ ಆಡಿದ ಮಾತು ಉಳಿಸಿಕೊಳ್ಳುತ್ತಾನೋ ಇಲ್ಲವೋ ನೋಡಬೇಕಿತ್ತು ಅವರಿಗೆ. ರಜೆಯ ದಿನವಾದರೂ ಅಪ್ಪ ಕತ್ತರಿ ಮೇಜಿನ ಮುಂದೆಯೇ ನಿಂತಿದ್ದರು. ನಮ್ಮ ಮನೆಯಿಂದ ಬೀದಿಗೆ ಹೋಗಬೇಕಾದರೆ ಅಂಗಡಿಯನ್ನು ಹಾದೇ ಹೋಗಬೇಕು.

ಒಳಕೋಣೆಯಲ್ಲಿ ಗುಂಡಿ ನಿಲುವಂಗಿ ತೊಟ್ಟಳು. ನಾನು ಬೈಯಲೆಂದೇ ಒಳಗೆ ಹೋದೆ. ಅಂಗಿ ಅವಳ ಮೈಮೇಲೆ ನೇತಾಡುತ್ತಿತ್ತು. ಭುಜದ ಹೊಲಿಗೆ ತೋಳಿನ ಮೇಲೆ ಜಾರಿತ್ತು, ಕುತ್ತಿಗೆ ಬಾಯಿಬಿಟ್ಟಿತ್ತು.

"ಇದೇನೇ ಇದು? ಅಪ್ಪನ ಕಣ್ಣಳತೆ ತಪ್ಪಿತಾ?"

ಕೇಳಿದ ಮೇಲೆ ನನಗೇ ಹೊಳೆಯಿತು. ಕಣ್ಣು ತಪ್ಪಿರಲಿಲ್ಲ. ಮೈತುಂಬಿಕೊಂಡು ಓಡಾಡುತ್ತಿದ್ದ, ಹಿಂದಿನ ಗುಂಡಿಗೆ ಅದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೂರುತ್ತಿತ್ತು. ಅಪ್ಪ ಕತ್ತರಿಸಿದ್ದು ಅವಳಿಗೆ. ಇಷ್ಟು ದಿನ ಒಂದೇ ಕೋಣೆಯಲ್ಲಿ ಕೂತು, ಇಳಿದುಹೋದ ಈ ಮಗಳನ್ನು ಅವರು ನೋಡಿಯೇ ಇರಲಿಲ್ಲ.

"ನಿಲ್ಲು, ಎರಡು ಕಡೆ ಹಿಡೀತೀನಿ" ಎಂದು ಸೂಜಿಗೆ ತಡಕಾಡಿದೆ. ಅಳು ಬಂದು ಏನೂ ಕಾಣಿಸಲಿಲ್ಲ.

"ಬೇಡ ಅಕ್ಕ. ಅಪ್ಪ ಕತ್ತರಿಸಿದ್ದಲ್ವಾ? ಹೀಗೇ ಇರ್ಲಿ."

"ಹೋಗ್ಬೇಡ ಕಣೇ. ಮನಸ್ಸಲ್ಲೇ ನಂಬ್ಕೋ. ಯಾರು ಬೇಡ ಅಂತಾರೆ?"

"ಮನಸ್ಸಲ್ಲಿ ಒಂದು, ಬಾಯಲ್ಲಿ ಒಂದು ಇಟ್ಕೊಂಡು ಸಾಕಾಗಿದೆ ಅಕ್ಕ" ಎಂದಳು. "ಹೋಗ್ದೆ ಇರೋಕೆ ಆಗಲ್ಲ. ಹೋಗೋದೂ ಸುಲಭ ಇಲ್ಲ. ನಂಗೇನು ನೀವು ಬೇಡ ಅಂತಲಾ?"

ಸಣ್ಣ ಬಟ್ಟೆಚೀಲ ಹೆಗಲಿಗೇರಿಸಿಕೊಂಡಳು. ಇರಲು ನರ್ಸಮ್ಮನ ಮನೆಯಲ್ಲಿ ಜಾಗ ಸಿಕ್ಕಿತ್ತು. ಅಮ್ಮ ಒಲೆಯ ಮುಂದೆ ನಿಂತಲ್ಲೇ ನಿಂತಿದ್ದಳು. ಗುಂಡಿ ಹೋಗಿ ಅವಳ ಕೆನ್ನೆಗೆ ಕೆನ್ನೆ ಒತ್ತಿ, ಅಂಗಡಿಯೊಳಗೆ ಬಂದು, ಅಪ್ಪನ ಹಿಂದಿನಿಂದ ಹಾದು ಹೊಸಿಲು ದಾಟಿದಳು.

"ಹೋದ್ಳು. ಬಾಗಿಲು ಹಾಕು" ಎಂದರು ದೊಡ್ಡಪ್ಪ.

ಅಪ್ಪ ಬಾಗಿಲ ಹತ್ತಿರ ಹೋದರು. ಬಾಗಿಲಿಗೆ ಕೈಯಿಟ್ಟವರು ತಲೆ ಎತ್ತಿದರು. ಬೀದಿಯಲ್ಲಿ ಬೆನ್ನು ಮಾಡಿ ನಡೆಯುತ್ತಿದ್ದವಳ ಭುಜ ಅವರ ಕಣ್ಣಿಗೆ ಬಿತ್ತು.

"ನಿಲ್ಲೇ!" ಎಂದು ಕೂಗಿದರು.

ಅವಳು ನಿಂತಳು. ಅಪ್ಪ ಪಿನ್ನಿನ ಡಬ್ಬಿ ಎತ್ತಿಕೊಂಡು ಬರಿಗಾಲಲ್ಲೇ ಬೀದಿಗಿಳಿದರು. ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಅವಳ ಭುಜದ ಬಟ್ಟೆ ಎತ್ತಿ ಹಿಡಿದು, ಒಳಗೆ ಮಡಿಸಿ ಚುಚ್ಚಿದರು. ಆಮೇಲೆ ಇನ್ನೊಂದು ಭುಜ. ಆಮೇಲೆ ಸುತ್ತಿ ಮುಂದೆ ಬಂದು ಕುತ್ತಿಗೆ. ಕುತ್ತಿಗೆಗೆ ಪಿನ್ನು ಚುಚ್ಚಬೇಕಾದರೆ ಮುಖ ನೋಡಲೇಬೇಕು. ನೋಡಿದರು. "ಏನೂ ತಿನ್ನಲ್ವೇನೇ ನೀನು?" ಎಂದು ಪಿನ್ನು ಕಚ್ಚಿದ ಬಾಯಲ್ಲೇ ಗದರಿದರು.

"ಏನಯ್ಯಾ ಇದು ನಾಟಕ?" ಎಂದರು ದೊಡ್ಡಪ್ಪ ಬಾಗಿಲಲ್ಲಿ ನಿಂತು.

"ನನ್ನ ಅಂಗಡಿಯಿಂದ ಭುಜ ಇಳಿದ ಬಟ್ಟೆ ಆಚೆ ಹೋಗಲ್ಲ ಅಣ್ಣ" ಎಂದರು ಅಪ್ಪ. ಅಷ್ಟೊಂದು ಜೋರಾಗಿ ಅವರು ಅಣ್ಣನಿಗೆ ಯಾವತ್ತೂ ಉತ್ತರ ಕೊಟ್ಟವರಲ್ಲ. ಆಮೇಲೆ ಗುಂಡಿಗೆ, "ಪಿನ್ನು ಅಂಗಡೀದು. ವಾಪಸ್ ಬರ್ಬೇಕು" ಎಂದರು.

ಇದು ಅಪ್ಪನ ಹಳೆಯ ಕಟ್ಟುನಿಟ್ಟು. ಅಂಗಡಿಯ ಪಿನ್ನು ಆಚೆ ಹೋಗುವ ಹಾಗಿಲ್ಲ. ಒಮ್ಮೆ ಅಳತೆ ನೋಡಿಸಿಕೊಂಡ ವಕೀಲರೊಬ್ಬರು ತೋಳಿನಲ್ಲಿ ಪಿನ್ನು ಮರೆತು ಹೋದರೆಂದು, ಅವರು ಹತ್ತಿದ ಬಸ್ಸನ್ನೇ ತಡೆದು ಕಿತ್ತುಕೊಂಡು ಬಂದಿದ್ದರು. ಆ ಕಥೆ ಹೇಳಿಕೊಂಡು ನಾವು ಅಕ್ಕತಂಗಿ ಎಷ್ಟೋ ಸಲ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಆ ದಿನ ನಗು ಬರಲಿಲ್ಲ.

ಗುಂಡಿ ತಲೆಯಾಡಿಸಿ ನಡೆದಳು. ಅಪ್ಪ ಒಳಬಂದು ಬಾಗಿಲು ಹಾಕಿದರು. ಮಾತು ಮಾತೇ. ದೊಡ್ಡಪ್ಪ ಅದಕ್ಕೂ ಸಮಾಧಾನವಾಗದೆ, ಇನ್ನು ಈ ಮನೆಯ ನೀರೂ ಬೇಡ ಎಂದು ಹಾಕಿದ ಬಾಗಿಲನ್ನು ತಾವೇ ತೆಗೆದು ಹೊರಟುಹೋದರು. ಒಂದೇ ಬೆಳಿಗ್ಗೆ ಅಪ್ಪನಿಗೆ ಮಗಳೂ ಹೋದಳು, ಅಣ್ಣನೂ ಹೋದರು. ಆಗ ಅಪ್ಪನ ಮೇಲೆ, ಗುಂಡಿಯ ಮೇಲೆ, ಅವಳ ದೇವರ ಮೇಲೆ ನನಗೆ ಬಂದ ಕೋಪ ಇಷ್ಟಿಷ್ಟಲ್ಲ. ಮಿಷನ್ನಿನ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ. ಮಧ್ಯಾಹ್ನದ ಊಟವನ್ನು ಯಾರೂ ಮುಟ್ಟಲಿಲ್ಲ.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮ ಓಡಿಹೋಗಿ ತೆಗೆದಳು. ಗುಂಡಿ ಹೊಸಿಲಿನ ಆಚೆ ನಿಂತಿದ್ದಳು, ತನ್ನ ಹಳೆಯ ಬಟ್ಟೆಯಲ್ಲಿ. ಒಳಗೆ ಕಾಲಿಡಲಿಲ್ಲ. ಬಾ ಎಂದು ಅಪ್ಪ ಕರೆಯಲೂ ಇಲ್ಲ. ಅವಳು ಕರವಸ್ತ್ರಕ್ಕೆ ಚುಚ್ಚಿದ್ದ ಪಿನ್ನುಗಳನ್ನು ಕೈಚಾಚಿ ಕೊಟ್ಟಳು. ಅಪ್ಪ ಹೊಸಿಲಿನ ಈಚೆ ನಿಂತು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದರು.

"ಒಂದು ಕಮ್ಮಿ ಇದೆ" ಎಂದರು.

"ಹೌದಪ್ಪ. ನನ್ನ ಹತ್ರಾನೇ ಇದೆ" ಎಂದಳು ಗುಂಡಿ. "ನಾಳೆ ತಂದ್ಕೊಡ್ತೀನಿ."

ನಮ್ಮ ಅಂಗಡಿಯಲ್ಲಿ "ನಾಳೆ" ಎನ್ನುವ ಮಾತನ್ನು ಕೇಳಿ ಯಾರೂ ನಂಬಿದ್ದಿಲ್ಲ. ಅಪ್ಪ ಅವಳ ಮುಖ ನೋಡಿದರು. ಆಮೇಲೆ ಒಳಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು, ಮುಚ್ಚಳ ಹಾಕಲಿಲ್ಲ.